ಹೊರದೇಶದ ಹೋಟೆಲಿಗೆ ಕಾರ್ಡ್ ನಂಬರ್ ಕೊಡುವ ಮೊದಲು

2023ರ ಡಿಸೆಂಬರ್‌ನಲ್ಲಿ ಒಂದು ದಿನ ಬೆಳಿಗ್ಗೆ ಕಾಕಾ ಫೋನ್ ಮಾಡಿದರು. "ರಾತ್ರಿ ಕಾರ್ಡಿನಾಗಿಂದ 412 ಯುರೋ ಹೋಗ್ಯಾವ. ಒಟಿಪಿ ಬಂದೇ ಇಲ್ಲ. ಒಟಿಪಿ ಇಲ್ದ ರೊಕ್ಕ ಹೆಂಗ ಹೋಗತಾವಪಾ?" ವಿದೇಶಿ ಬಳಕೆಗೆ ಬ್ಯಾಂಕ್ ಹಾಕುವ ಮಾರ್ಕಪ್ ಶುಲ್ಕ ಎಲ್ಲ ಸೇರಿ ₹39,000 ಹತ್ತಿರ ಆಗಿತ್ತು.

ಕಾಕಾ ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಫೌಂಡ್ರಿ ನಡೆಸುತ್ತಾರೆ. ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಗೀಫಾ ಅಂತ ಫೌಂಡ್ರಿಯವರ ದೊಡ್ಡ ಮೇಳ ಆಗುತ್ತದೆ, 2023ರ ಜೂನ್‌ನಲ್ಲಿ ಅದಕ್ಕೆ ಹೋಗಿದ್ದರು. ಮೇಳದ ವಾರದಲ್ಲಿ ಅಲ್ಲಿ ರೂಮು ಸಿಗುವುದೇ ಕಷ್ಟ. ಸಿಕ್ಕಿದ್ದು ಒಂದು ಮನೆಯವರೇ ನಡೆಸುವ ಸಣ್ಣ ಗೆಸ್ಟ್‌ಹೌಸ್. ಅವರು ಇಮೇಲಿನಲ್ಲಿ ಒಂದು ಫಾರ್ಮ್ ಕಳಿಸಿ, ತುಂಬಿ ಸಹಿ ಮಾಡಿ, ಕಾರ್ಡಿನ ಎರಡೂ ಬದಿಯ ಫೋಟೋ ಜೊತೆ ಕಳಿಸಿ ಅಂದರು. ಕಾಕಾ ಫೋಟೋ ತೆಗೆದು ಹತ್ತಿರದ ಝೆರಾಕ್ಸ್ ಅಂಗಡಿಯ ವಾಟ್ಸಾಪ್ ನಂಬರಿಗೆ ಹಾಕಿದರು, ಅಂಗಡಿಯವರು ಪ್ರಿಂಟ್ ತೆಗೆದು, ಸಹಿ ಆದಮೇಲೆ ಸ್ಕ್ಯಾನ್ ಮಾಡಿ, ಅಂಗಡಿಯ ಕಂಪ್ಯೂಟರಿನಿಂದಲೇ ಮೇಲ್ ಕಳಿಸಿಕೊಟ್ಟರು. ಆ ಫೋಟೋ ಎಲ್ಲಿಂದ ಸೋರಿತು ಅಂತ ಇವತ್ತಿಗೂ ಗೊತ್ತಿಲ್ಲ. ಗೆಸ್ಟ್‌ಹೌಸಿನವರದೇ ತಪ್ಪು ಅಂತ ಹೇಳಲು ಆಗುವುದಿಲ್ಲ, ಅಂಗಡಿಯವರದು ಅಂತಲೂ ಆಗುವುದಿಲ್ಲ. ಅಷ್ಟು ಜಾಗದಲ್ಲಿ ಅದರ ಪ್ರತಿ ಉಳಿದಿತ್ತು.

ಕಾಕಾ ಕೇಳಿದ ಪ್ರಶ್ನೆಯೇ ಮುಖ್ಯ. ನಮ್ಮ ದೇಶದಲ್ಲಿ 2009ರ ಆಗಸ್ಟ್‌ನಿಂದ ಆನ್‌ಲೈನ್‌ನಲ್ಲಿ ಕಾರ್ಡ್ ಬಳಸಬೇಕಾದರೆ ಎರಡನೇ ತಪಾಸಣೆ ಬೇಕೇ ಬೇಕು ಅಂತ ರಿಸರ್ವ್ ಬ್ಯಾಂಕ್ ಮಾಡಿದೆ. ಅದಕ್ಕೇ ನಮಗೆಲ್ಲ ಒಂದು ನಂಬಿಕೆ ಬೇರೂರಿದೆ: ನಂಬರ್ ಯಾರಿಗೆ ಗೊತ್ತಾದರೇನು, ಒಟಿಪಿ ನನ್ನ ಫೋನಿಗೇ ಬರುತ್ತದಲ್ವಾ. ಆದರೆ ಹೊರದೇಶದ ಎಷ್ಟೋ ಅಂಗಡಿಗಳು, ಹೋಟೆಲುಗಳು ಒಟಿಪಿ ಕೇಳುವುದೇ ಇಲ್ಲ. ಕಾರ್ಡ್ ನಂಬರ್, ಮುಗಿಯುವ ತಿಂಗಳು-ವರ್ಷ, ಹಿಂದಿನ ಮೂರಂಕಿಯ ಸಿವಿವಿ ಇದ್ದರೆ ಸಾಕು, ಕೆಲವು ಕಡೆ ಸಿವಿವಿಯೂ ಬೇಡ. ಇದನ್ನು ತಿಳಿದುಕೊಂಡರೆ ಮುಂದೆ ಹೇಳುವುದೆಲ್ಲ ಸುಲಭ.

ಒಟಿಪಿ ಇಲ್ಲದ ಕಡೆ ನಮಗಿರುವ ಬೀಗ ಬ್ಯಾಂಕಿನ ಆ್ಯಪ್‌ನಲ್ಲಿದೆ. 2020ರಲ್ಲಿ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡು ಬರುವಾಗ ವಿದೇಶಿ ಬಳಕೆ ಬಂದ್ ಆಗಿಯೇ ಬರಬೇಕು, ಅದನ್ನು ನಾವೇ ಚಾಲೂ ಮಾಡಬೇಕು, ಬೇಕಾದಾಗ ಬಂದ್ ಮಾಡಬೇಕು, ಎಷ್ಟು ಹಣದವರೆಗೆ ಅನ್ನುವ ಮಿತಿಯನ್ನೂ ನಾವೇ ಹಾಕಬಹುದು, ಹಗಲು ರಾತ್ರಿ ಯಾವಾಗ ಬೇಕಾದರೂ. ಕಾಕಾ 2023ರ ಮೇ ತಿಂಗಳಲ್ಲಿ ಚಾಲೂ ಮಾಡಿದ್ದನ್ನು ಡಿಸೆಂಬರ್‌ವರೆಗೂ ಬಂದ್ ಮಾಡಿರಲಿಲ್ಲ. ಮಿತಿಯೂ ಕಾರ್ಡಿನ ಪೂರ್ತಿ ಮಿತಿ. ಅದೊಂದು ಬಟನ್ ಒತ್ತಿದ್ದರೆ ಆ ರಾತ್ರಿ ಹಣ ಹೋಗುತ್ತಿರಲಿಲ್ಲ.

ಆದ್ದರಿಂದ ರೂಮು ಹುಡುಕುವ ಮೊದಲು ಆ್ಯಪ್ ತೆರೆದು ಕಾರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ. ವಿದೇಶಿ ಆನ್‌ಲೈನ್ ಬಳಕೆ ಮಾತ್ರ ಚಾಲೂ ಮಾಡಿ. ವಿದೇಶಿ ಎಟಿಎಂ, ವಿದೇಶಿ ಸ್ವೈಪ್ ಈಗಲೇ ಯಾಕೆ? ಅವು ವಿಮಾನ ಹತ್ತುವ ದಿನ ಸಾಕು. ಮಿತಿಯನ್ನು ರೂಮಿನ ಬಾಡಿಗೆಗಿಂತ ಸ್ವಲ್ಪವೇ ಜಾಸ್ತಿ ಇಡಿ.

ಬುಕಿಂಗ್ ಆದ ಕೂಡಲೇ ಬಂದ್ ಮಾಡಿಬಿಡಿ ಅಂತ ಹಲವರು ಹೇಳುತ್ತಾರೆ, ಅದು ಅರ್ಧ ಸರಿ. ಹಣ ಪೂರ್ತಿ ಕಟ್ಟಿದ್ದರೆ ಬಂದ್ ಮಾಡಿ. ಹೋಟೆಲಿಗೆ ಹೋದಮೇಲೆ ಹಣ ಕಟ್ಟುವ ಬುಕಿಂಗ್ ಆದರೆ ಕಾರ್ಡು ಅವರಿಗೆ ಬರೀ ಗ್ಯಾರಂಟಿ. ನಡುವೆ ಯಾವಾಗಲೋ ಒಮ್ಮೆ ಅವರು ಕಾರ್ಡು ಸರಿ ಇದೆಯಾ ಅಂತ ನೋಡುತ್ತಾರೆ, ಇಲ್ಲವೇ ಮೊದಲ ರಾತ್ರಿಯ ಬಾಡಿಗೆ ಹಿಡಿದಿಡುತ್ತಾರೆ. ಆಗ ಕಾರ್ಡು ಬಂದ್ ಇದ್ದರೆ ರೂಮೇ ಕೈತಪ್ಪಬಹುದು. ಬುಕಿಂಗ್ ಖಾತ್ರಿಯ ಮೇಲ್‌ನಲ್ಲಿ ಯಾವ ದಿನ ಎಷ್ಟು ಹಣ ತೆಗೆಯುತ್ತೇವೆ, ಯಾವ ದಿನದವರೆಗೆ ರದ್ದು ಮಾಡಿದರೆ ಹಣ ಕಟ್ಟಬೇಕಿಲ್ಲ ಅಂತ ಬರೆದಿರುತ್ತಾರೆ, ಅದನ್ನು ಪೂರ್ತಿ ಓದಿ. ಅಂಥ ಬುಕಿಂಗ್‌ಗೆ ಸ್ವಿಚ್ ಚಾಲೂ ಇಟ್ಟು ಮಿತಿಯನ್ನು ಒಂದು ರಾತ್ರಿಯ ಬಾಡಿಗೆಯಷ್ಟಕ್ಕೆ ಇಳಿಸಿ. ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಅರ್ಜಿಗೆ ತೋರಿಸಲು ರದ್ದು ಮಾಡಬಹುದಾದ ರೂಮು ಬುಕ್ ಮಾಡಿದವರು ರದ್ದಾದ ದಿನವೇ ಬಂದ್ ಮಾಡಿ, ಮರೆಯುವುದು ಅಲ್ಲೇ ಜಾಸ್ತಿ.

ಯಾವ ಕಾರ್ಡು ಕೊಡಬೇಕು? ಡೆಬಿಟ್ ಕಾರ್ಡು ಬೇಡ. ಕ್ರೆಡಿಟ್ ಕಾರ್ಡಿನಲ್ಲಿ ಕಳ್ಳತನವಾದರೆ ಬಿಲ್ಲಿನ ಮೇಲೆ ಜಗಳ ಆಡುತ್ತೀರಿ, ಡೆಬಿಟ್ ಆದರೆ ನಿಮ್ಮ ಉಳಿತಾಯದ ಹಣವೇ ಹೋಗಿರುತ್ತದೆ, ಅದು ಮಗಳ ಕಾಲೇಜು ಫೀಸಿಗೆ ಇಟ್ಟಿದ್ದೂ ಆಗಿರಬಹುದು. ಮನೆಯಲ್ಲಿ ಎರಡು ಕ್ರೆಡಿಟ್ ಕಾರ್ಡ್ ಇದ್ದರೆ ಕಡಿಮೆ ಮಿತಿಯದನ್ನು ಪ್ರವಾಸಕ್ಕೆ ಅಂತಲೇ ಇಡಿ. ಕೆಲವು ಬ್ಯಾಂಕುಗಳು ವರ್ಚುವಲ್ ಕಾರ್ಡ್ ಕೊಡುತ್ತವೆ, ಅಂದರೆ ಕೈಗೆ ಕಾರ್ಡು ಬರದೆ ಆ್ಯಪ್‌ನಲ್ಲಿ ನಂಬರ್ ಮಾತ್ರ ಸಿಗುವಂಥದ್ದು, ಮುಂಚೆಯೇ ಪೂರ್ತಿ ಹಣ ಕಟ್ಟುವ ಬುಕಿಂಗ್‌ಗೆ ಒಳ್ಳೆಯದು. ಚೆಕ್‌ಇನ್‌ನಲ್ಲಿ ಬುಕ್ ಮಾಡಿದ ಕಾರ್ಡೇ ತೋರಿಸಿ ಅನ್ನುವ ಹೋಟೆಲಿಗೆ ಅದು ನಡೆಯುವುದಿಲ್ಲ.

ಇನ್ನು ನಂಬರ್ ಕೊಡುವ ದಾರಿ. ಹೆಸರಾದ ಬುಕಿಂಗ್ ತಾಣ ಅಥವಾ ಹೋಟೆಲಿನ ಸ್ವಂತ ತಾಣದಲ್ಲಿ ನೀವೇ ಟೈಪ್ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ತಾಣದ ವಿಳಾಸವನ್ನೂ ನೀವೇ ಟೈಪ್ ಮಾಡಿ. ಹುಡುಕಿದಾಗ ಮೇಲೆ ಬರುವ ಜಾಹೀರಾತು ಒತ್ತಬೇಡಿ, ಅದೇ ಹೋಟೆಲಿನ ಹೆಸರಿಗೆ ಒಂದಕ್ಷರ ಸೇರಿಸಿದ ನಕಲಿ ತಾಣಗಳು ಇರುತ್ತವೆ. ತಾಣದ ವಿಳಾಸದ ಪಕ್ಕ ಬೀಗದ ಗುರುತು ಕಂಡರೆ ದಾರಿ ಭದ್ರವಾಗಿದೆ ಅಂತ ಅರ್ಥ, ದಾರಿಯ ಕೊನೆಯಲ್ಲಿ ಕೂತವರು ಒಳ್ಳೆಯವರು ಅಂತ ಅಲ್ಲ. ಜರ್ಮನಿಯ ಹೋಟೆಲ್ ಆದರೆ ತಾಣದ ಕೆಳಗೆ 'ಇಂಪ್ರೆಸುಮ್' ಅನ್ನುವ ಪುಟ ಹುಡುಕಿ. ವ್ಯಾಪಾರದ ತಾಣದಲ್ಲಿ ಮಾಲಕರ ಹೆಸರು, ವಿಳಾಸ ಹಾಕಬೇಕು ಅನ್ನುವುದು ಅಲ್ಲಿನ ಕಾನೂನು. ಆ ವಿಳಾಸವನ್ನು ಮ್ಯಾಪಿನಲ್ಲಿ ನೋಡಿ, ಹೋಟೆಲ್ ಅಲ್ಲೇ ಇದೆಯಾ ಅಂತ ತಾಳೆ ಮಾಡಿ.

ಮೇಲ್‌ನಲ್ಲೇ ನಂಬರ್ ಕಳಿಸಿ ಅಂತ ಕೇಳಿದರೆ ಏನು ಮಾಡಬೇಕು? ಸಣ್ಣ ಗೆಸ್ಟ್‌ಹೌಸಿನವರು ಕೇಳುತ್ತಾರೆ, ಎಲ್ಲರೂ ಮೋಸಗಾರರಲ್ಲ, ಅವರ ಹಳೆಯ ರೂಢಿ ಅದು. ಸಿಟ್ಟಾಗಬೇಡಿ. ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯಿರಿ: ಮೇಲ್‌ನಲ್ಲಿ ಕಾರ್ಡ್ ವಿವರ ಕಳಿಸುವುದಿಲ್ಲ, ಪೇಮೆಂಟ್ ಲಿಂಕ್ ಕಳಿಸಿ, ಇಲ್ಲವೇ ಮೊದಲ ರಾತ್ರಿಯ ಹಣವನ್ನು ಬುಕಿಂಗ್ ತಾಣದ ಮೂಲಕ ತೆಗೆದುಕೊಳ್ಳಿ. ಹೋದ ವರ್ಷ ನಾನು ಮೂರು ಕಡೆ ಹೀಗೆ ಬರೆದೆ, ಇಬ್ಬರು ಅದೇ ದಿನ ಲಿಂಕ್ ಕಳಿಸಿದರು, ಮೂರನೆಯವರು ಬಂದಾಗ ನಗದು ಕೊಡಿ ಅಂದರು. ಲಿಂಕ್ ಬಂದಮೇಲೂ ತಾಣದಲ್ಲಿರುವ ನಂಬರಿಗೆ ಒಮ್ಮೆ ಫೋನ್ ಮಾಡಿ ಕೇಳಿ, ನೀವೇ ಕಳಿಸಿದಿರಾ ಅಂತ. ಎರಡು ನಿಮಿಷದ ಕರೆ.

ಬೇರೆ ದಾರಿಯೇ ಇಲ್ಲ, ಆ ರೂಮೇ ಬೇಕು ಅಂದರೆ ನಂಬರಿನ ಅರ್ಧ ಮೇಲ್‌ನಲ್ಲಿ, ಉಳಿದರ್ಧ ಫೋನಿನಲ್ಲಿ ಹೇಳಿ. ಇದನ್ನು ಭದ್ರ ಅಂತ ನಾನು ಹೇಳಲಾರೆ, ಪೂರ್ತಿ ಒಂದೇ ಮೇಲ್‌ನಲ್ಲಿ ಹಾಕುವುದಕ್ಕಿಂತ ವಾಸಿ ಅಷ್ಟೇ. ಸಿವಿವಿ ಮಾತ್ರ ಮೇಲ್, ವಾಟ್ಸಾಪ್, ಫಾರ್ಮ್, ಚೀಟಿ, ಎಲ್ಲಿಯೂ ಬರೆಯಬೇಡಿ. ಕಾರ್ಡ್ ಕಂಪನಿಗಳ ಭದ್ರತಾ ನಿಯಮವೇ ಇದೆ, ಪಿಸಿಐ ಡಿಎಸ್‌ಎಸ್ ಅಂತ ಅದರ ಹೆಸರು, ಹಣಕ್ಕೆ ಒಪ್ಪಿಗೆ ಸಿಕ್ಕಮೇಲೆ ಯಾವ ವ್ಯಾಪಾರಿಯೂ ಸಿವಿವಿಯನ್ನು ಉಳಿಸಿಕೊಳ್ಳುವಂತಿಲ್ಲ. ನೀವು ಮೇಲ್‌ನಲ್ಲಿ ಬರೆದ ಕ್ಷಣ ಅದು ಅವರ ಮೇಲ್ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹೀಗೆ ನಂಬರ್ ಕೊಟ್ಟಿದ್ದರೆ ಊರಿಗೆ ಬಂದಮೇಲೆ ಬ್ಯಾಂಕಿಗೆ ಹೇಳಿ ಕಾರ್ಡನ್ನೇ ಬದಲಿಸಿ, ಹೊಸ ನಂಬರ್ ಬರುತ್ತದೆ.

ಕಾರ್ಡಿನ ಫೋಟೋ ಕೇಳಿದರೆ ಹಿಂಬದಿ ಕೊಡಲೇಬೇಡಿ. ಮುಂಬದಿ ಕೊಡಲೇಬೇಕಾದರೆ ಕೊನೆಯ ನಾಲ್ಕಂಕಿ, ಹೆಸರು ಮಾತ್ರ ಕಾಣುವಂತೆ ಕಾಗದದ ಪಟ್ಟಿ ಅಂಟಿಸಿ, ಆಮೇಲೆ ಫೋಟೋ ತೆಗೆಯಿರಿ. ಎಷ್ಟೋ ಕಾರ್ಡುಗಳಲ್ಲಿ ಈಗ ನಂಬರ್, ಸಿವಿವಿ ಎರಡೂ ಒಂದೇ ಬದಿ ಇರುತ್ತವೆ, ನೋಡಿಕೊಳ್ಳಿ. ಫೋಟೋ ತೆಗೆದಮೇಲೆ ಫೋನಿನ ಬ್ರಷ್‌ನಿಂದ ಬಳಿದರೆ ಬೆಳಕು ಜಾಸ್ತಿ ಮಾಡಿದಾಗ ಕೆಲವೊಮ್ಮೆ ಕೆಳಗಿನ ಅಂಕಿ ಕಾಣುತ್ತದೆ. ಝೆರಾಕ್ಸ್ ಅಂಗಡಿಗೆ ಕಳಿಸುವ ಮಾತೇ ಬೇಡ. ಟಿಕೆಟ್ ಮಾಡಿಸಿಕೊಡುವ ಏಜೆಂಟರು ಕಾರ್ಡಿನ ಫೋಟೋ ವಾಟ್ಸಾಪ್ ಮಾಡ್ರಿ ಅಂದರೆ, ಪರಿಚಯದವರೇ ಆದರೂ, ನಿಮ್ಮ ಖಾತೆಗೆ ಯುಪಿಐ ಮಾಡ್ತೀನ್ರಿ, ಬಿಲ್ ಕೊಡ್ರಿ ಅನ್ನಿ.

ಬುಕ್ ಆದಮೇಲೆ ಬರುವ ಸಂದೇಶಗಳ ಬಗ್ಗೆ ಜಾಸ್ತಿ ಎಚ್ಚರ ಬೇಕು. 'ನಿಮ್ಮ ಕಾರ್ಡು ಸರಿಯಿಲ್ಲ, 12 ಗಂಟೆಯೊಳಗೆ ಈ ಲಿಂಕಿನಲ್ಲಿ ಮತ್ತೆ ತುಂಬಿ, ಇಲ್ಲದಿದ್ದರೆ ಬುಕಿಂಗ್ ರದ್ದು' ಅಂತ ಬರುತ್ತದೆ. ಅದರಲ್ಲಿ ನಿಮ್ಮ ಹೆಸರು, ತಾರೀಕು, ಹೋಟೆಲಿನ ಹೆಸರು ಎಲ್ಲ ಸರಿಯಾಗಿರುತ್ತದೆ, ಕೆಲವೊಮ್ಮೆ ಬುಕಿಂಗ್ ಆ್ಯಪ್‌ನ ಒಳಗಿನ ಚಾಟ್‌ನಲ್ಲೇ ಬರುತ್ತದೆ. ಹೇಗೆ ಅಂದರೆ, ಕಳ್ಳರು ಹೋಟೆಲ್ ಸಿಬ್ಬಂದಿಗೆ ನಕಲಿ ಮೇಲ್ ಕಳಿಸಿ ಅವರ ಪಾಸ್‌ವರ್ಡ್ ಕದ್ದಿರುತ್ತಾರೆ. 2025ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಕಂಪನಿ ಇಂಥದೇ ಒಂದು ಜಾಲದ ವಿವರ ಕೊಟ್ಟಿತ್ತು, ಬುಕಿಂಗ್ ಡಾಟ್ ಕಾಮ್ ಹೆಸರಿನ ನಕಲಿ ಮೇಲ್‌ಗಳು ಹೋಟೆಲಿನವರಿಗೆ 2024ರ ಡಿಸೆಂಬರ್‌ನಿಂದ ಹೋಗುತ್ತಿದ್ದವಂತೆ. ನಿಜವಾಗಿಯೂ ಕಾರ್ಡಿನ ತೊಂದರೆ ಇದ್ದರೆ ನೀವು ಆ್ಯಪ್ ತೆರೆದಾಗ ಬುಕಿಂಗ್ ಪುಟದಲ್ಲೇ ಅದು ಕಾಣಬೇಕು. ಲಿಂಕ್ ಒತ್ತದೆ ಅಲ್ಲಿ ಹೋಗಿ ನೋಡಿ, ಹೋಟೆಲಿಗೆ ಫೋನ್ ಮಾಡಿ. ಗಡುವು ಕೊಟ್ಟು ಹೆದರಿಸಿದಷ್ಟೂ ನಿಧಾನ ಮಾಡಿ.

ದೊಡ್ಡ ಹೋಟೆಲ್ ಅಂದಮಾತ್ರಕ್ಕೆ ನಂಬರ್ ಅಲ್ಲೇ ಉಳಿಸಿಬಿಡೋಣ ಅನ್ನುವುದೂ ಬೇಡ. ಮ್ಯಾರಿಯಟ್‌ನ ಸ್ಟಾರ್‌ವುಡ್ ಬುಕಿಂಗ್ ದಾಖಲೆಗಳಿಗೆ 2014ರಿಂದಲೇ ಕಳ್ಳರು ನುಗ್ಗಿದ್ದರು, ಅದು ಹೊರಗೆ ಬಂದಿದ್ದು 2018ರ ನವೆಂಬರ್‌ನಲ್ಲಿ. 'ಕಾರ್ಡ್ ಉಳಿಸಿ' ಅನ್ನುವ ಗುರುತು ತೆಗೆದೇ ಮುಂದೆ ಹೋಗಿ. 2022ರ ಅಕ್ಟೋಬರ್‌ನಿಂದ ನಮ್ಮ ದೇಶದ ತಾಣಗಳು ನಂಬರ್ ಬದಲು ಟೋಕನ್ (ನಂಬರಿನ ಜಾಗದಲ್ಲಿ ಬಳಸುವ ಬೇರೆ ಸಂಕೇತ) ಇಟ್ಟುಕೊಳ್ಳಬೇಕು, ಹೊರದೇಶದವರಿಗೆ ಆ ನಿಯಮ ಇಲ್ಲ.

ಹೋಟೆಲಿನ ಕೌಂಟರಿನಲ್ಲಿ ಕಾರ್ಡು ಕಣ್ಣೆದುರೇ ಇರಲಿ, ಒಳಗೆ ಒಯ್ಯಲು ಬಿಡಬೇಡಿ. ಠೇವಣಿ ಅಂತ ಸ್ವಲ್ಪ ಹಣ ಹಿಡಿದಿಡುತ್ತಾರೆ, ಎಷ್ಟು ಅಂತ ಕೇಳಿ, ರೂಮು ಬಿಡುವ ದಿನ ಆ ಠೇವಣಿ ರದ್ದು ಮಾಡಿದ ಚೀಟಿ ಕೇಳಿ ಪಡೆಯಿರಿ. ಯಂತ್ರ ರೂಪಾಯಿಯೋ ಯುರೋನೋ ಅಂತ ಕೇಳಿದರೆ ಯುರೋ ಒತ್ತಿ, ರೂಪಾಯಿ ಒತ್ತಿದರೆ ಅವರು ಹಾಕಿದ್ದೇ ದರ, ಜಾಸ್ತಿ ಬೀಳುತ್ತದೆ. ವಾಪಸ್ ಬಂದ ದಿನ ಎಲ್ಲ ಸ್ವಿಚ್ ಬಂದ್. ಮುಂದಿನ ಎರಡು ಬಿಲ್ಲುಗಳನ್ನು ಸಾಲು ಸಾಲಾಗಿ ನೋಡಿ, ಸಣ್ಣ ಮೊತ್ತವನ್ನೂ ಬಿಡಬೇಡಿ, ಕಳ್ಳರು ಮೊದಲು ಒಂದೆರಡು ಡಾಲರ್ ತೆಗೆದು ಕಾರ್ಡು ನಡೆಯುತ್ತದಾ ಅಂತ ನೋಡುತ್ತಾರೆ.

ಇಷ್ಟಾದಮೇಲೂ ಹಣ ಹೋದರೆ ಮೊದಲು ಆ್ಯಪ್‌ನಲ್ಲಿ ಕಾರ್ಡು ಬ್ಲಾಕ್ ಮಾಡಿ, ಆಮೇಲೆ ಬ್ಯಾಂಕಿಗೆ ಫೋನ್, ದೂರಿನ ನಂಬರ್ ಬರೆದುಕೊಳ್ಳಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ತಪ್ಪು ನಿಮ್ಮದೂ ಬ್ಯಾಂಕಿನದೂ ಅಲ್ಲದೆ ನಡುವೆ ಎಲ್ಲೋ ಆಗಿದ್ದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ಹೊಣೆ ಇಲ್ಲ. ನಾಲ್ಕರಿಂದ ಏಳು ಕೆಲಸದ ದಿನ ಆದರೆ ₹5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಗರಿಷ್ಠ ₹10,000, ಅದಕ್ಕಿಂತ ಜಾಸ್ತಿ ಮಿತಿಯದಕ್ಕೆ ₹25,000 ನಿಮ್ಮ ಮೇಲೆ ಬರುತ್ತದೆ. ನೀವೇ ಗುಟ್ಟಿನ ವಿವರ ಯಾರಿಗೋ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದೇ. ಸಿವಿವಿ ಬರೆದು ಕಳಿಸಬೇಡಿ ಅಂತ ಇಷ್ಟು ಒತ್ತಿ ಹೇಳುವುದು ಇದಕ್ಕೂ ಸೇರಿ. ದೂರಿನಲ್ಲಿ ಒಟಿಪಿ ಬಂದಿಲ್ಲ ಅನ್ನುವುದನ್ನು ಬರೆಯಲೇಬೇಕು, ಒಟಿಪಿ ಕೇಳದೆ ಹಣ ತೆಗೆದ ವ್ಯಾಪಾರಿಯ ಮೇಲೆಯೇ ಸಾಮಾನ್ಯವಾಗಿ ಆ ನಷ್ಟ ಬೀಳುತ್ತದೆ. ಬ್ಯಾಂಕು 30 ದಿನವಾದರೂ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಬ್ಯಾಂಕಿನ ಮೇಲಿನ ದೂರು ಬಗೆಹರಿಸುವ ಅಧಿಕಾರಿ) ದೂರು ಕೊಡಬಹುದು, 14448ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಕಾಕಾ ಅದೇ ಬೆಳಿಗ್ಗೆ ತಿಳಿಸಿದ್ದರಿಂದ, ಸುಮಾರು 70 ದಿನ ಬ್ಯಾಂಕಿಗೆ ಅಲೆದಮೇಲೆ ಹಣ ವಾಪಸ್ ಬಂತು.

ಇನ್ನೊಂದು ಮಾತು. ಕಾರ್ಡಿನ ಹಿಂದೆ ಬರೆದಿರುವ 1800 ನಂಬರ್ ಹೊರದೇಶದಿಂದ ಸಾಮಾನ್ಯವಾಗಿ ಹತ್ತುವುದಿಲ್ಲ. +91ರಿಂದ ಶುರುವಾಗುವ ಬೇರೆ ನಂಬರನ್ನು ಬ್ಯಾಂಕಿನ ತಾಣದಲ್ಲಿ ಹುಡುಕಿ, ಕಾಗದದ ಮೇಲೆ ಬರೆದು ಪಾಸ್‌ಪೋರ್ಟಿನ ಕವರಿನಲ್ಲಿ ಇಟ್ಟುಕೊಳ್ಳಿ. ಫೋನ್ ಕಳೆದುಹೋದರೂ ಆ ಚೀಟಿ ಜೊತೆಗಿರುತ್ತದೆ. 2027ರ ಮೇಳಕ್ಕೆ ಅಂತ ಕಾಕಾ ಈಗಲೇ ಬರೆದಿಟ್ಟುಕೊಂಡಿದ್ದಾರೆ.