ಅವಳಿ ಬಸಿರಲ್ಲಿ ಕಣ್ಣು ಮಂಜಾದಾಗ ನಾನು ಮಾಡಿದ್ದು

ಕಣ್ಣು ಟೆಸ್ಟ್ ಮಾಡಿ ಪವರ್ ಬರೆದುಕೊಡುವುದು ನನ್ನ ಕೆಲಸ. ಹೊಟ್ಟೆಯಲ್ಲಿ ಅವಳಿ ಇದ್ದಾಗ ನನ್ನ ಕಣ್ಣನ್ನೇ ನಾನು ನೋಡಿಕೊಳ್ಳಬೇಕಾಯಿತು.

ಮೊದಲು ಕೈಕೊಟ್ಟಿದ್ದು ಕಾಂಟ್ಯಾಕ್ಟ್ ಲೆನ್ಸ್. ಐದನೇ ತಿಂಗಳ ನಂತರ ಹಾಕಿದರೆ ಸಾಕು, ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಬಸಿರಲ್ಲಿ ಮೈಯಲ್ಲಿ ನೀರು ಸೇರಿ ಕಾಲು ಊದುತ್ತದೆ ಅಲ್ವಾ, ಕಣ್ಣಿನ ಮುಂದಿನ ಪದರವಾದ ಕಾರ್ನಿಯಾ ಕೂಡ ಸ್ವಲ್ಪ ದಪ್ಪಗಾಗುತ್ತದೆ. ಅದರ ಬಾಗು ಬದಲಾಗುತ್ತದೆ. ಕಣ್ಣೀರೂ ಕಮ್ಮಿಯಾಗುತ್ತದೆ. ಲೆನ್ಸ್ ತೆಗೆದಿಟ್ಟು ಕನ್ನಡಕ ಹಾಕಿಕೊಂಡೆ. ಡಾಕ್ಟರನ್ನು ಕೇಳಿ, ಪ್ರಿಸರ್ವೇಟಿವ್ ಇಲ್ಲದ ಕಣ್ಣೀರಿನ ಡ್ರಾಪ್ಸ್ ಶುರುಮಾಡಿದೆ.

ಜೊತೆಯಲ್ಲಿ ಕೆಲಸ ಮಾಡುವವಳು ಪವರ್ ನೋಡಿದಳು. ಮೈನಸ್ ಸ್ವಲ್ಪ ಏರಿತ್ತು. ಹೊಸ ಕನ್ನಡಕ ಮಾತ್ರ ಮಾಡಿಸಲಿಲ್ಲ. ಹೆರಿಗೆಯಾದ ಮೇಲೆ, ಕೆಲವರಿಗೆ ಹಾಲೂಡಿಸುವುದು ನಿಂತ ಮೇಲೆ, ಪವರ್ ಸಾಮಾನ್ಯವಾಗಿ ಹಳೇ ಜಾಗಕ್ಕೇ ಬರುತ್ತದೆ. ಸುಮ್ನೆ ದುಡ್ಡು ಯಾಕೆ? ಕನ್ನಡಕ ಬಿಡಿಸಲು ಮಾಡುವ ಲೇಸಿಕ್ ಎಂಬ ಲೇಸರ್ ಆಪರೇಷನ್ನನ್ನೂ ಇದೇ ಕಾರಣಕ್ಕೆ ಆಗ ಮಾಡುವುದಿಲ್ಲ.

ನನಗೆ ನಿಜವಾದ ಹೆದರಿಕೆ ಇದ್ದಿದ್ದು ಬಿಪಿಯದ್ದು. 20 ವಾರ ದಾಟಿದ ಮೇಲೆ ಬಿಪಿ 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿದರೆ ಅದು ಪ್ರಿ-ಎಕ್ಲಾಂಪ್ಸಿಯಾ. ಅವಳಿ ಇದ್ದರೆ ಈ ಅಪಾಯ ಜಾಸ್ತಿ. ಅದರಿಂದ ಕಣ್ಣಿನ ಒಳಪರದೆಯ ರಕ್ತನಾಳಗಳು ಬಿಗಿಯಬಹುದು, ಪರದೆಯ ಹಿಂದೆ ನೀರು ತುಂಬಬಹುದು. ಕೆಲವೊಮ್ಮೆ ಕಣ್ಣು ಸರಿಯಾಗಿಯೇ ಇದ್ದು, ನೋಟ ನೋಡಿಕೊಳ್ಳುವ ಮೆದುಳಿನ ಭಾಗ ಊದಿಕೊಳ್ಳುತ್ತದೆ.

ಹಾಗಾಗಿ ದಿನಾ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದೆ. ಮಂಜಾಗಿದ್ದರೆ ನಾಲ್ಕು ಸಲ ರೆಪ್ಪೆ ಬಡಿಯುವುದು. ತಿಳಿಯಾದರೆ ಒಣಗಣ್ಣು ಅಂತ ಲೆಕ್ಕ. ತಿಳಿಯಾಗದಿದ್ದರೆ ಬಿಪಿ ನೋಡುವುದು. ತೋಳಿಗೆ ಕಟ್ಟುವ ಮಿಷನ್ ಮನೆಯಲ್ಲೇ ಇತ್ತು. ಮಿಂಚು, ತೇಲುವ ಬೆಳಕಿನ ಚುಕ್ಕಿ, ಎರಡೆರಡಾಗಿ ಕಾಣುವುದು, ನೋಟದ ಒಂದು ಭಾಗ ಕಪ್ಪಾಗುವುದು, ಜೋರು ತಲೆನೋವು, ಇವುಗಳಲ್ಲಿ ಒಂದು ಬಂದರೂ, ಬಿಪಿ ಎಷ್ಟೇ ತೋರಿಸಲಿ, ಬೆಳಗಾಗುವವರೆಗೂ ಕಾಯಬಾರದು.

ಎಂಟನೇ ತಿಂಗಳಲ್ಲಿ ಒಂದು ರಾತ್ರಿ ಕಣ್ಣಮುಂದೆ ಮಿನುಗತೊಡಗಿತು. ಬಿಪಿ 150/100. ತಾಯಿ ಕಾರ್ಡ್ ಹಿಡಿದು ಆಗಲೇ ಆಸ್ಪತ್ರೆಗೆ ಹೋದೆವು. ಫಿಟ್ಸ್ ಬರದಿರಲೆಂದು ಮೆಗ್ನೀಸಿಯಂ ಕೊಟ್ಟರು. ಅದರಿಂದಲೂ ಮಂಜು, ಎರಡೆರಡಾಗಿ ಕಾಣುವುದು ಆಗಬಹುದು, ಆದ ಕೂಡಲೇ ನರ್ಸಿಗೆ ಹೇಳಬೇಕು. ಬೇಗನೇ ಹೆರಿಗೆ ಮಾಡಿಸಿದರು. ಮಿನುಗು ಹೋಯಿತು. ಬಿಪಿ ಇಳಿಯಲು ಇನ್ನೂ ಕೆಲವು ವಾರ ಬೇಕಾಯಿತು. ಪ್ರಿ-ಎಕ್ಲಾಂಪ್ಸಿಯಾ ಹೆರಿಗೆಯ ನಂತರವೂ ಕಾಣಿಸಿಕೊಳ್ಳಬಹುದು, ಆದ್ದರಿಂದ ಮಿಷನ್ ಬೀರುವಿಗೆ ಹೋಗಲಿಲ್ಲ.

ಮೈನಸ್ ಜಾಸ್ತಿ ಇದ್ದವರು ಹೆರಿಗೆಯಲ್ಲಿ ಮುಕ್ಕಿದರೆ ಕಣ್ಣಿನ ಪರದೆ ಹರಿಯುತ್ತದೆ, ಸಿಸೇರಿಯನ್ನೇ ಆಗಬೇಕು ಎನ್ನುವವರು ಈಗಲೂ ಇದ್ದಾರೆ. ಪವರ್ ಒಂದೇ ಅದಕ್ಕೆ ಕಾರಣವಾಗುವುದಿಲ್ಲ. ಬಸಿರಿಗೆ ಮೊದಲೇ ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಮೊದಲ ಮೂರು ತಿಂಗಳಲ್ಲೇ ಪರದೆ ತೋರಿಸಬೇಕು, ಆಮೇಲೂ ಡಾಕ್ಟರ್ ಹೇಳಿದಾಗ ಹೋಗಬೇಕು. ಸಕ್ಕರೆಯಿಂದ ಪರದೆಗಾಗುವ ತೊಂದರೆ ಬಸಿರಲ್ಲಿ ಬೇಗ ಏರಬಹುದು.

ಬಾಣಂತನದಲ್ಲಿ ಅಮ್ಮನ ಸಾಂಬ್ರಾಣಿ ಹೊಗೆ ಒಣಗಿದ ಕಣ್ಣಿಗೆ ಉರಿ ತಂದಿತು. ಹೊಗೆ ಕೂದಲಿಗೆ ಸಾಕು, ಮುಖಕ್ಕೆ ಬೇಡ ಎಂದೆ. ಒಪ್ಪಿದಳು. ಓದಿದರೆ ಬಾಣಂತಿಯ ಕಣ್ಣು ಹೋಗುತ್ತದೆ ಎನ್ನುವುದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅವಳು ಮಲಗಿದ ಮೇಲೆ ಓದುತ್ತಿದ್ದೆ.