ಅಪರಿಚಿತರ ಸಹಜ ಚಿತ್ರ: ಸಂಕೋಚ ನೀಗಿಸಿಕೊಳ್ಳುವುದು ಹೇಗೆ?

ಬೀದಿಯಲ್ಲಿ ಕಂಡ ಅಪರಿಚಿತರ ಸಹಜ ಭಾವವನ್ನು ಸೆರೆಹಿಡಿಯುವ ಆಸೆ ಎಷ್ಟೇ ಇದ್ದರೂ, ಕ್ಯಾಮೆರಾ ಎತ್ತುವ ಹೊತ್ತಿಗೆ ಕೈ ಹಿಂಜರಿಯುತ್ತದೆ. ಇದಕ್ಕೆ ಪರಿಹಾರವೆಂದು ಹಲವರು ಉದ್ದನೆಯ ಜೂಮ್ ಲೆನ್ಸ್ ಕೊಂಡು, ರಸ್ತೆಯ ಆಚೆ ಬದಿಯಲ್ಲಿ ನಿಂತು, ಯಾರಿಗೂ ತಿಳಿಯದಂತೆ ಚಿತ್ರ ತೆಗೆಯತೊಡಗುತ್ತಾರೆ. ಅದರಿಂದ ಸಂಕೋಚ ಬೆಳೆಯುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅಡಗಿ ನಿಂತವರಿಗೆ ಸಿಕ್ಕಿಬೀಳುವ ಭಯ ಸದಾ ಇರುತ್ತದೆ. ಎಲ್ಲರಿಗೂ ಕಾಣುವಂತೆ ನಿಂತವರಿಗೆ ಆ ಭಯಕ್ಕೆ ಕಾರಣವೇ ಇಲ್ಲ. ಫ್ರಾನ್ಸಿನ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ ಬ್ರೆಸಾನ್ ತಮ್ಮ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪ್ ಸುತ್ತುತ್ತಿದ್ದರು ನಿಜ, ಆದರೆ ಅವರು ಹೆಚ್ಚಾಗಿ ಬಳಸಿದ್ದು ದೂರದ್ದನ್ನು ಹತ್ತಿರಕ್ಕೆ ತಾರದ 50 ಮಿ.ಮೀ. ಲೆನ್ಸನ್ನು. ಅದಕ್ಕೆ ಜನರ ಹತ್ತಿರ ಹೋಗಲೇಬೇಕು.

ಮೊದಲ ಹೆಜ್ಜೆಗೆ ಕೆಲಸದಲ್ಲಿ ಮುಳುಗಿರುವ ಜನರಿರುವ ಜಾಗವನ್ನು ಆರಿಸಿಕೊಳ್ಳಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಆ ದಿನಗಳಲ್ಲಿ ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ದುರಸ್ತಿಗೆ ಕುಳಿತವರಿಗೆ ಮಾತನಾಡಲು ಪುರುಸೊತ್ತು ಇರುತ್ತದೆ. ದೋಣಿಗಳು ದಡಕ್ಕೆ ಬಂದು ಮೀನು ಇಳಿಯುವ ಗದ್ದಲಕ್ಕಿಂತ ಹೊಸಬರಿಗೆ ಈ ಬಿಡುವಿನ ಕಾಲವೇ ಹೆಚ್ಚು ಅನುಕೂಲ ಎಂಬುದು ನನ್ನ ಅಭಿಪ್ರಾಯ. ಕ್ಯಾಮೆರಾವನ್ನು ಚೀಲದಲ್ಲಿ ಬಚ್ಚಿಡದೆ ಕೊರಳಿಗೆ ಹಾಕಿಕೊಂಡು, ಚಿತ್ರ ತೆಗೆಯುವ ಮೊದಲು ಅರ್ಧ ತಾಸು ಸುಮ್ಮನೆ ಅಲ್ಲಿಯೇ ಇರಿ. ಕುತೂಹಲದಿಂದ ನಿಮ್ಮನ್ನು ನೋಡಿದವರು ನಿಧಾನವಾಗಿ ತಮ್ಮ ಕೆಲಸಕ್ಕೆ ಮರಳುತ್ತಾರೆ.

ಕ್ಯಾಮೆರಾವನ್ನು ಮುಂಚಿತವಾಗಿಯೇ ಸಿದ್ಧಪಡಿಸಿಕೊಳ್ಳುವುದೂ ಮುಖ್ಯ. ಎದುರಿಗೆ ನಿಂತು ಗುಂಡಿಗಳನ್ನು ತಡಕಾಡುವಾಗಲೇ ಜನರ ಗಮನ ನಿಮ್ಮತ್ತ ಹರಿಯುತ್ತದೆ, ಧೈರ್ಯವೂ ಕುಗ್ಗುತ್ತದೆ. ಫುಲ್‌ಫ್ರೇಮ್ (ಹಳೆಯ ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 35 ಮಿ.ಮೀ. ಲೆನ್ಸ್ ಇದ್ದರೆ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ರಂಧ್ರದ ಅಳತೆ) ಎಫ್/8, ಶಟರ್ ವೇಗ ಸೆಕೆಂಡಿನ 1/250 ಅಥವಾ ಅದಕ್ಕಿಂತ ಹೆಚ್ಚು, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಆಟೊ ಎಂದು ಇಟ್ಟು, ಫೋಕಸ್ಸನ್ನು ಕೈಯಿಂದಲೇ ಎರಡೂವರೆ ಮೀಟರಿಗೆ ನಿಲ್ಲಿಸಿ. ಆಗ ಸುಮಾರು 1.7 ಮೀಟರಿನಿಂದ ಐದು ಮೀಟರಿನ ಸಮೀಪದವರೆಗೆ ಇರುವುದೆಲ್ಲ ಸ್ಪಷ್ಟವಾಗಿ ಮೂಡುತ್ತದೆ; ನೀವು ದೂರವನ್ನು ಅಂದಾಜಿಸಿ ಗುಂಡಿ ಒತ್ತಿದರೆ ಸಾಕು. ಮೊಬೈಲ್ ಇದ್ದವರು ಶಟರ್ ಸದ್ದು ಮತ್ತು ಫ್ಲ್ಯಾಷ್ ಎರಡನ್ನೂ ಆಫ್ ಮಾಡಿಕೊಳ್ಳಲಿ.

ಅನುಮತಿ ಕೇಳಿದರೆ ಸಹಜತೆ ಕೆಡುತ್ತದೆ ಎಂಬ ಮಾತಿದೆ. ಅದು ಕೇಳಿದ ಕೂಡಲೇ ತೆಗೆದ ಚಿತ್ರಕ್ಕೆ ಮಾತ್ರ ಅನ್ವಯಿಸುತ್ತದೆ. ಕಾರವಾರದ ಭಾನುವಾರದ ಸಂತೆಯಲ್ಲಿ ತರಕಾರಿ ಕೊಂಡು, “ಅಕ್ಕಾ, ನೀವು ವ್ಯಾಪಾರ ಮಾಡ್ತಾ ಇರಿ, ನಾನು ಇಲ್ಲೇ ನಿಂತು ಫೋಟೊ ತೆಗೀಲಾ?” ಎಂದು ಕೇಳಿ ನೋಡಿ. ಮೊದಲು ಅವರು ಸೆರಗು ಸರಿಪಡಿಸಿಕೊಂಡು ನೇರವಾಗಿ ಕ್ಯಾಮೆರಾ ನೋಡಬಹುದು. ಆ ಚಿತ್ರವನ್ನೂ ಗೌರವದಿಂದ ತೆಗೆಯಿರಿ, ಅವರಿಗೆ ತೋರಿಸಿ, ಅಲ್ಲಿಂದ ಕದಲಬೇಡಿ. ಮುಂದಿನ ಗಿರಾಕಿ ಬಂದು ಚೌಕಾಸಿ ಶುರುವಾದಾಗ ಅವರು ನಿಮ್ಮನ್ನು ಮರೆಯುತ್ತಾರೆ. ನಿಮಗೆ ಬೇಕಾದ ಮುಖ ಆಗ ಸಿಗುತ್ತದೆ. ಕೇಳದೆ ತೆಗೆದಾಗ ಯಾರಾದರೂ ಗಮನಿಸಿದರೆ ದೃಷ್ಟಿ ತಪ್ಪಿಸದೆ ನಕ್ಕು ತಲೆಬಾಗಿಸಿ; ಬೇಡವೆಂದರೆ ವಾದಿಸದೆ ಅವರೆದುರೇ ಅಳಿಸಿ.

ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯೂ ಒಳ್ಳೆಯ ಅಭ್ಯಾಸದ ಜಾಗ. ಅಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಇರುವುದರಿಂದ ನಿಮ್ಮ ಕ್ಯಾಮೆರಾ ಯಾರ ಕಣ್ಣಿಗೂ ಬೇರೆಯಾಗಿ ಕಾಣುವುದಿಲ್ಲ.

ಕೆಲವು ಕಡೆಗಳಲ್ಲಿ ಹಿಂಜರಿಕೆಯೇ ಸರಿ. ಕಾರವಾರದ ನೌಕಾನೆಲೆಯ ಆವರಣದತ್ತ ಕ್ಯಾಮೆರಾ ತಿರುಗಿಸಬೇಡಿ. ಗೋಕರ್ಣದ ಕಡಲತೀರದಲ್ಲಿ ಸ್ನಾನ ಮಾಡುವವರನ್ನು, ಎಲ್ಲಿಯೇ ಆಗಲಿ ದುಃಖದಲ್ಲಿರುವವರನ್ನು, ಹೆತ್ತವರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಚಿತ್ರಿಸಬೇಡಿ. ಮಹಿಳೆಯ ಖಾಸಗಿ ಕ್ಷಣವನ್ನು ಕದ್ದು ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧವೂ ಹೌದು.

ಮುಂದಿನ ವಾರ ಅದೇ ಜಾಗಕ್ಕೆ ಹೋಗುವಾಗ ಒಳ್ಳೆಯ ಚಿತ್ರಗಳ ಪ್ರಿಂಟ್ ಹಾಕಿಸಿಕೊಂಡು ಹೋಗಿ, ಅವರವರಿಗೆ ಕೊಡಿ. ಮುಖ ಮರೆತುಹೋಗುವ ಸಂಭವವಿದ್ದರೆ ಹಿಂಬದಿಯಲ್ಲಿ ಅವರು ಕುಳಿತಿದ್ದ ಜಾಗ ಮತ್ತು ಮಾರುತ್ತಿದ್ದ ವಸ್ತುವನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಪ್ರಿಂಟ್ ನೋಡಿದ ಪಕ್ಕದ ಅಂಗಡಿಯವರು ತಮ್ಮದನ್ನೂ ತೆಗೆಯಿರೆಂದು ಕರೆದಾಗ, ಅವರೊಡನೆ ಮಾತು ಆರಂಭಿಸುವ ಕಷ್ಟವೂ ನಿಮಗಿರುವುದಿಲ್ಲ.