ಟರ್ಮಿನಲ್‌ನಲ್ಲಿ ಕನ್ನಡ ಓದಿಸುವುದು: ಇಸ್ಪೀಕ್ ಎನ್‌ಜಿ

ಇಸ್ಪೀಕ್ ಎನ್‌ಜಿ ಎಂದರೆ ಪಠ್ಯವನ್ನು ದನಿಯಾಗಿ ಓದುವ ತಂತ್ರಾಂಶ. ಉಬುಂಟು, ಡೆಬಿಯನ್ ಲಿನಕ್ಸ್‌ನಲ್ಲಿ ತಂತ್ರಾಂಶ ಇನ್‌ಸ್ಟಾಲ್ ಮಾಡುವ ಆಪ್ಟ್ ಕಮಾಂಡ್ ಮೂಲಕವೇ ಸಿಗುತ್ತದೆ. ಇನ್‌ಸ್ಟಾಲ್ ಆದಮೇಲೆ ನೆಟ್ ಬೇಕಿಲ್ಲ. ಕಮಾಂಡಿನ ಹೆಸರಾದ ಮೇಲೆ ಹೈಫನ್ ವಿ, ಜಾಗ ಬಿಟ್ಟು ಕನ್ನಡದ ಸಂಕೇತವಾದ ಕೆ ಎನ್, ಆಮೇಲೆ ಉದ್ಧರಣ ಚಿಹ್ನೆಯೊಳಗೆ ವಾಕ್ಯ. ಕೆ ಎನ್ ಮರೆತರೆ ಡೀಫಾಲ್ಟ್ ಆದ ಇಂಗ್ಲಿಷ್ ದನಿಯನ್ನೇ ಬಳಸುತ್ತದೆ.

ಡೀಫಾಲ್ಟ್ ವೇಗ ನಿಮಿಷಕ್ಕೆ 175 ಪದ. ನಮ್ಮ ಉದ್ದುದ್ದ ಪದಗಳಿಗೆ ಇದು ಓಟ. ಹೈಫನ್ ಎಸ್ 130 ಕೊಡಿ. ಪದಗಳು ಅಂಟಿಕೊಂಡಂತೆ ಕೇಳಿದರೆ ಹೈಫನ್ ಜಿ 3 ಸೇರಿಸಿ. ಒಂದು ಅಂಕಿಗೆ ಸುಮಾರು 10 ಮಿಲಿಸೆಕೆಂಡ್ ಅಂತರ. ದನಿಯ ಏರಿಳಿತ ಮಾತ್ರ ಯಂತ್ರದ್ದೇ, ಅದಕ್ಕೆ ಔಷಧಿ ಇಲ್ಲ.

ಕಡತ ಓದಿಸಲು ಹೈಫನ್ ಎಫ್, ವೇವ್ ಆಡಿಯೋ ಕಡತವಾಗಿ ಉಳಿಸಲು ಹೈಫನ್ ಡಬ್ಲ್ಯೂ. ನಿಮಿಷಕ್ಕೆ ಸುಮಾರು 2.6 ಎಂಬಿ ಆಗುತ್ತದೆ, ಆಡಿಯೋ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ನಲ್ಲಿ ಎಂಪಿ3 ಮಾಡಿಕೊಳ್ಳಿ. ಬೇರೆ ಕಮಾಂಡಿನಿಂದ ಬಂದ ಪಠ್ಯವನ್ನು ಪೈಪ್ ಮೂಲಕ ಕಳಿಸಿದರೆ ಸಾಲುಸಾಲಾಗಿ ಓದಿ ವಾಕ್ಯದ ನಡುವೆಯೇ ನಿಲ್ಲುತ್ತದೆ. ಎರಡು ಹೈಫನ್ ಹಾಕಿ ಎಸ್‌ಟಿಡಿಇನ್ ಎಂದು ಸೇರಿಸಿದರೆ ಇಡೀ ಪಠ್ಯವನ್ನು ಒಟ್ಟಿಗೆ ತೆಗೆದುಕೊಳ್ಳುತ್ತದೆ.

ಎಲ್ಲ ಸರಿಯಿದ್ದೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಒದರುತ್ತಿದೆಯೇ? ಕಡತವನ್ನು ಸಾದಾ ಎಡಿಟರ್‌ನಲ್ಲಿ ತೆರೆದು ನೋಡಿ. ಅಲ್ಲೂ ಇಂಗ್ಲಿಷ್ ಅಕ್ಷರಗಳೇ ಕಂಡರೆ ಅದು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಪಠ್ಯ: ಕನ್ನಡ ಇರುವುದು ಫಾಂಟಿನಲ್ಲಿ, ಕಡತದಲ್ಲಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ಪರಿವರ್ತಕಗಳು ಅಲ್ಲೇ ಹೆಚ್ಚು ಮುಗ್ಗರಿಸುವುದು. ಫೋನ್ ನಂಬರ್ ಇದ್ದರೆ ಅಂಕಿಗಳ ನಡುವೆ ಜಾಗ ಬಿಡಿ, ಇಲ್ಲದಿದ್ದರೆ ಕೋಟಿ ಲಕ್ಷ ಎಂದು ಎಣಿಸುತ್ತಾ ಕೂರುತ್ತದೆ.